ಕಾರವಾರದ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮನೆಯಲ್ಲಿ ಹಳೆ ಬಾತ್‌ಟಬ್ ತೆಗೆದು ಅಕ್ರಿಲಿಕ್ ಟಬ್ ಕೂರಿಸುವಾಗ ಏನೇನು ನೋಡಬೇಕು?
ಮೊದಲು ಡ್ರೇನ್ ಯಾವ ತುದಿಗಿದೆ, ಗೋಡೆಯಿಂದ ಎಷ್ಟು ದೂರ ಅಂತ ಅಳೆದುಕೊಂಡೇ ಟಬ್ ಕೊಳ್ಳಿ. ಎಡ-ಬಲ ತಪ್ಪಿದರೆ ನೆಲ ಒಡೆಯಬೇಕಾಗುತ್ತದೆ.

ಬರೀ ಕಾಲುಗಳ ಮೇಲೆ ನಿಲ್ಲಿಸಬೇಡಿ. ಕಂಪನಿಯ ಸೂಚನೆಯಲ್ಲಿ ಬೇಡ ಅಂದಿಲ್ಲದಿದ್ದರೆ ತಳಕ್ಕೆ 1-2 ಇಂಚು ಸಿಮೆಂಟ್ ಗಾರೆ ಹಾಸಿ, ಅದು ಹಸಿ ಇರುವಾಗಲೇ ಟಬ್ ಒತ್ತಿ ಕೂರಿಸಿ, ಅಂಚಿನ ಮೇಲೆ ರಸಮಟ್ಟ ಇಟ್ಟು ನೋಡಿ. ಆಧಾರವಿಲ್ಲದ ತಳ ನಿಂತಾಗಲೆಲ್ಲ ಬಗ್ಗುತ್ತದೆ, ವೇಸ್ಟ್ ಕಪ್ಲಿಂಗ್ (ಟಬ್‌ನ ತೂತನ್ನು ಡ್ರೇನ್ ಪೈಪಿಗೆ ಸೇರಿಸುವ ಜೋಡಣೆ) ಸಡಿಲವಾಗಿ ನೀರು ಜಿನುಗುತ್ತದೆ. ಚಿರೆಕಲ್ಲು ಅದನ್ನು ಹೀರಿಕೊಂಡು ಆಚೆ ಕೋಣೆಯ ಗೋಡೆಯಲ್ಲಿ ಕಲೆ ಏಳಿಸುತ್ತದೆ. ಹಾಗಾಗಿ ವಾಟರ್‌ಪ್ರೂಫಿಂಗ್ ನೆಲದಿಂದ ಗೋಡೆಯ ಮೇಲೂ ಏರಿರಲೇಬೇಕು.

ಟೈಲ್ಸ್‌ಗೆ ಮುಂಚೆ ಟಬ್ಬನ್ನು ಓವರ್‌ಫ್ಲೋವರೆಗೆ (ಹೆಚ್ಚಾದ ನೀರು ಹೊರಹೋಗುವ ಮೇಲಿನ ತೂತಿನವರೆಗೆ) ತುಂಬಿಸಿ, ಖಾಲಿ ಮಾಡಿ, ಪ್ರತಿ ಜಾಯಿಂಟ್‌ಗೂ ಒಣ ಕಾಗದ ಒತ್ತಿ ನೋಡಿ. ಟಬ್-ಗೋಡೆ ಸಂದಿಗೆ ಸಿಲಿಕಾನ್ ಹಚ್ಚುವಾಗ ಟಬ್‌ನಲ್ಲಿ ನೀರು ತುಂಬಿರಲಿ, 24 ಗಂಟೆ ಹಾಗೇ ಬಿಡಿ. ಖಾಲಿ ಟಬ್‌ಗೆ ಹಚ್ಚಿದ್ದು ಭಾರ ಬಿದ್ದಾಗ ಬಿರಿಯುತ್ತದೆ. ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಪೈಪ್) ಕಡೆ ತೆಗೆಯಲು ಬರುವ ಮುಚ್ಚಳ ಇಡಿಸಿ.