ನಾಯಿ ಬಂಡಿ ಹತ್ತಿ ಬನ್ನಿ, ಮಾಸ್ತರೇ

ಮುಧೋಳದ ನಿವೃತ್ತ ಮಾಸ್ತರೊಬ್ಬರು ಪತ್ರ ಬರೆದಿದ್ದಾರೆ. ಮಗ ನಾರ್ವೆಯಲ್ಲಿದ್ದಾನೆ. ಡಿಸೆಂಬರ್ ರಜೆಗೆ ಟ್ರೊಮ್ಸೊ ಊರಿಗೆ ಕರೆದುಕೊಂಡು ಹೋಗಿ, ಹಿಮದ ಮೇಲೆ ನಾಯಿ ಎಳೆಯುವ ಬಂಡಿ ಹತ್ತಿಸುತ್ತೇನೆ ಅಂತಾನಂತೆ. "ಮೂಕಪ್ರಾಣಿಗೆ ಹಿಂಸೆ ಕೊಟ್ಟು ನಾವು ಮಜಾ ಮಾಡೋದೇ? ಈ ವಯಸ್ಸಿಗೆ ನನ್ನ ಕೈಲಿ ಆದೀತೇ? ನಮ್ಮ ಮುಧೋಳ ನಾಯಿ ಅಂಥ ಬಂಡಿ ಎಳೆದೀತೇ?" ಎಂದು ಕೇಳಿದ್ದಾರೆ.

ಮಾಸ್ತರೇ, ಧಾರಾಳವಾಗಿ ಹೋಗಿ ಬನ್ನಿ. ಹಿಂಸೆಯ ಮಾತು ಮೊದಲು ನೋಡೋಣ. ಅಲ್ಲಿ ಬಂಡಿ ಎಳೆಯುವುದು ಹೆಚ್ಚಾಗಿ ಅಲಾಸ್ಕನ್ ಹಸ್ಕಿ. ಫೋಟೊದಲ್ಲಿ ಕಾಣುವ ದಪ್ಪ ಕೂದಲಿನ ನೀಲಿಗಣ್ಣಿನ ನಾಯಿ ಅಲ್ಲ, ಸಣಕಲು ಮೈ, 20-25 ಕಿಲೊ ತೂಕ. ಎದೆಪಟ್ಟಿ ಕಂಡರೆ ಸಾಕು, ತೆರೆಬಂಡಿ ಸ್ಪರ್ಧೆಯ ಕಣದಲ್ಲಿ ಎತ್ತು ಕಾಲು ಕೆರೆದ ಹಾಗೆ ಇವೂ ನಿಂತಲ್ಲಿ ನಿಲ್ಲುವುದಿಲ್ಲ. ಜಿಗಿತ, ಬೊಗಳಾಟ, ಕಿವಿ ಕಿವುಡಾಗುವಷ್ಟು. ಅದಕ್ಕೇ ಬಂಡಿಯನ್ನು ಕೊಕ್ಕೆ ಹಾಕಿ ಹಿಮಕ್ಕೆ ಸಿಕ್ಕಿಸಿರುತ್ತಾರೆ. ಕೊಕ್ಕೆ ಕಿತ್ತರೆ ಗದ್ದಲವೆಲ್ಲ ಗಪ್‌ಚುಪ್. ಬರೀ ಉಸಿರು, ಹಿಮದ ಮೇಲೆ ಬಂಡಿ ಜಾರುವ ಸದ್ದು. ಓಡುತ್ತಲೇ ಬಾಯಿ ಹಾಕಿ ಹಿಮ ತಿನ್ನುತ್ತವೆ, ಓಡುತ್ತಲೇ ಎರಡಕ್ಕೂ ಹೋಗುತ್ತವೆ. ಗಾಳಿ ನಿಮ್ಮ ಕಡೆಗೇ ಬೀಸುತ್ತಿರುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ! ಲಗಾಮು ಇಲ್ಲ, ಬಾರುಕೋಲಿಲ್ಲ. ಮುಂದಿನ ನಾಯಿಗಳು ಮಾತು ಕೇಳಿಯೇ ತಿರುಗುತ್ತವೆ.

ಹಿಂಸೆ ಇರುವುದು ಬೇರೆ ಕಡೆ. 2010ರ ಚಳಿಗಾಲದ ಒಲಿಂಪಿಕ್ಸ್ ಮುಗಿದ ಮೇಲೆ ಕೆನಡಾದ ವಿಸ್ಲರ್ ಬಳಿ ಗಿರಾಕಿ ಕಡಿಮೆಯಾದರು ಅಂತ ಹತ್ತಾರು ಬಂಡಿ ನಾಯಿಗಳನ್ನು ಕೊಂದು ಹೂತರು. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಮಗನಿಂದ ಬಂಡಿಯವರನ್ನು ಕೇಳಿಸಿ: ವಯಸ್ಸಾದ ನಾಯಿಗಳನ್ನು ಏನು ಮಾಡುತ್ತೀರಿ? ಬೇಸಿಗೆಯಲ್ಲಿ ಎಲ್ಲಿಡುತ್ತೀರಿ? ದಿನವಿಡೀ ಸರಪಳಿಯೇ? ನಿವೃತ್ತರಾದ ನೀವು ಮೊದಲ ಪ್ರಶ್ನೆ ಕೇಳಿದರೆ ಇನ್ನೂ ತೂಕ ಜಾಸ್ತಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ.

ವಯಸ್ಸಿಗೇನು, ಒಬ್ಬರು ಹಿಂದೆ ನಿಂತು ಓಡಿಸುತ್ತಾರೆ, ಒಬ್ಬರು ಮುಂದೆ ಕಂಬಳಿ ಹೊದ್ದು ಕೂರುತ್ತಾರೆ. ಕೂರುವವರಿಗೆ ಸೊಂಟ ಗಟ್ಟಿ ಇರಬೇಕು, ಕುಲುಕಾಟ ನೇರ ಬೆನ್ನಿಗೇ ಬರುತ್ತದೆ. ಮೊಣಕಾಲು ಚೆನ್ನಾಗಿದ್ದರೆ ನಿಂತೇ ಓಡಿಸಿ, ಮಜಾ ಅಲ್ಲೇ ಇದೆ. ಬ್ರೇಕ್ ಕಾಲ ಕೆಳಗೆ. ಬಿದ್ದರೂ ಹಿಡಿಕೆ ಬಿಡಬೇಡಿ, ನಾಯಿಗಳು ನಿಮಗೋಸ್ಕರ ನಿಲ್ಲುವುದಿಲ್ಲ. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹಿಡಿದು ಚಳಿ ಹತ್ತುತ್ತದೆ. ಉಣ್ಣೆಯದೇ ಇರಲಿ.

ಇನ್ನೊಂದು, ಡಿಸೆಂಬರ್ ಯಾಕೆ? ಆಗ ಟ್ರೊಮ್ಸೊದಲ್ಲಿ ಸೂರ್ಯನೇ ಹುಟ್ಟುವುದಿಲ್ಲ. ಹಿಮ ಸಾಲದಿದ್ದರೆ ಗಾಲಿ ಬಂಡಿಯಲ್ಲಿ ಕೂರಿಸುತ್ತಾರೆ. ಫೆಬ್ರುವರಿ ಕೊನೆಗೆ ಹೋದರೆ ಹಿಮವೂ ಇರುತ್ತದೆ, ಬೆಳಕೂ ಇರುತ್ತದೆ.

ಮುಧೋಳ ನಾಯಿ? ಬೇಡ ಮಾಸ್ತರೇ. ಅದು ಮೊಲ ಕಂಡರೆ ಬಾಣದಂತೆ ಹೋಗುವ ಬೇಟೆ ನಾಯಿ. ಸಾಲಿನಲ್ಲಿ ನಿಂತು ಭಾರ ಎಳೆಯಲು ಬೆಳೆಸಿದ ತಳಿಯಲ್ಲ. ಹಸ್ಕಿಗೆ ಎರಡು ಪದರದ ಕೂದಲು, ಇದಕ್ಕೆ ಮೈಗಂಟಿದ ತೆಳು ಕೂದಲು. ಟ್ರೊಮ್ಸೊಗೆ ಒಯ್ದರೆ ನಿಮ್ಮ ಕಂಬಳಿಯೊಳಗೆ ಮೊದಲು ನುಗ್ಗುವುದು ಅದೇ.