ಓದಿದ ಪಾಠದ ಬಗ್ಗೆ ಮಕ್ಕಳು ಬರೆಯುವಂತೆ ಮಾಡೋದು ಹೇಗೆ?
ಪಾಠ ಓದಿ ಏನನ್ನಿಸಿತು ಅಂತ ಕೇಳಿದರೆ ಮಕ್ಕಳು 'ಚೆನ್ನಾಗಿತ್ತು' ಅಂತಷ್ಟೇ ಬರೆಯುತ್ತಾರೆ, ಅಲ್ವಾ? ಮೊದಲು ಚಿತ್ರ ಬಿಡಿಸಲಿ. ಪುಣ್ಯಕೋಟಿ ಕಥೆಯನ್ನೇ ತಗೊಳ್ಳಿ. ಹಾಳೆಯನ್ನು ಎರಡಾಗಿ ಮಡಚಿ, ಎಡಕ್ಕೆ ಹಸು ಕರುವಿಗೆ ಕೊನೆಯ ಸಲ ಹಾಲು ಕೊಡುವ ಚಿತ್ರ, ಬಲಕ್ಕೆ ಆಗ ಕರುವಿನ ಮನಸ್ಸಲ್ಲಿ ಏನು ಓಡುತ್ತಿತ್ತು ಅಂತ ಎರಡು ಸಾಲು, ಅದೂ ಚಿತ್ರದಲ್ಲಿ ಕಾಣದ್ದನ್ನೇ ಬರೆಯಬೇಕು. ಕರುವನ್ನು ಯಾಕೆ ಇಷ್ಟು ಚಿಕ್ಕದಾಗಿ ಬಿಡಿಸಿದೆ ಅಂತ ಸುಮ್ನೆ ಕೇಳಿ ನೋಡಿ, ಮಾತು ತಾನಾಗಿ ಬರುತ್ತೆ. ಅದನ್ನೇ ಬರೆಸಿ. ಚಿತ್ರ, ಮಾತು ಎರಡೂ ಮನಸ್ಸಿನಲ್ಲಿ ಬೇರೆ ಬೇರೆ ದಾರಿಯಲ್ಲಿ ಉಳಿಯುತ್ತವೆ ಅಂತ ಕೆನಡಾದ ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1971ರಲ್ಲೇ ವಾದಿಸಿದ್ದರು. ಆದರೆ ಚಿತ್ರಕ್ಕೆ ಮಾರ್ಕ್ಸ್ ಹಾಕಬೇಡಿ, ಬಿಡಿಸೋಕೆ ಬರದ ಮಕ್ಕಳು ಅಲ್ಲೇ ಪೆನ್ಸಿಲ್ ಕೆಳಗಿಡುತ್ತಾರೆ.