ಸಾವಿನ ಅಂಚಿನಲ್ಲಿ ಸುರಂಗ, ಬೆಳಕು ಕಾಣುವುದೇಕೆ?

ಕಣ್ಣಿಗೂ ಮೆದುಳಿಗೂ ರಕ್ತ, ಆಮ್ಲಜನಕ ಸಾಲದೆ ಹೋಗುವುದೇ ಇದಕ್ಕೆ ಸಿಗುವ ಗಟ್ಟಿ ವಿವರಣೆ. ಕಣ್ಣಿನೊಳಗೇ ಒಂದು ಒತ್ತಡವಿದೆ, ರಕ್ತ ಅದನ್ನು ಮೀರಿ ಒಳಬರಬೇಕು. ರಕ್ತದೊತ್ತಡ ಕುಸಿದರೆ ಅಕ್ಷಿಪಟಲಕ್ಕೆ, ಅಂದರೆ ಕಣ್ಣಿನ ಹಿಂಬದಿಯ ಪರದೆಗೆ, ರಕ್ತ ಬೇಗ ತಪ್ಪುತ್ತದೆ. ಅಂಚಿನ ನೋಟ ಮೊದಲು ಆರಿ, ನಡುವಿನದು ಕೊನೆಗೆ ಉಳಿಯುತ್ತದೆ. ಅದೇ ಸುರಂಗ. ಯುದ್ಧವಿಮಾನದ ಪೈಲಟ್‌ಗಳಿಗೂ ರಭಸದ ತಿರುವಿನಲ್ಲಿ ಹೀಗಾಗುತ್ತದೆ.

ಮಲ್ಪೆಯಲ್ಲಿ ದೋಣಿ ಮಗುಚಿ ಬದುಕಿ ಬಂದ ನೆರೆಮನೆಯ ಅಜ್ಜ, ಅಂಗೈಯಗಲ ಬೆಳಕಿನಲ್ಲಿ ತೀರಿಹೋದ ಅಮ್ಮ ನಿಂತಿದ್ದರು ಎನ್ನುತ್ತಾರೆ. ಸುಳ್ಳಲ್ಲ, ಅವರು ಕಂಡದ್ದೇ. ಮಿಷಿಗನ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೆಂಟಿಲೇಟರ್ ತೆಗೆದ 4 ರೋಗಿಗಳ ಪೈಕಿ ಇಬ್ಬರ ಮೆದುಳಿನಲ್ಲಿ ಗಾಮಾ ಅಲೆಗಳು (ಎಚ್ಚರ, ನೆನಪುಗಳ ಜೊತೆ ನಂಟಿರುವ ವೇಗದ ವಿದ್ಯುತ್ ಮಿಡಿತ) ಏಕಾಏಕಿ ಉಕ್ಕಿದ್ದವು. ಆ ಇಬ್ಬರೂ ಬದುಕಲಿಲ್ಲ, ಏನು ಕಂಡರೆಂದು ಕೇಳಲಾಗಲಿಲ್ಲ.